ಪದ ಪರಿಚಯ: ಹ್ಯಾಪ್ಲಾಯ್ಡ್

‘ಒಂಟಿ’, ‘ಸರಳ’ ಎಂಬ ಅರ್ಥದ ಗ್ರೀಕ್ ಪದ ‘ಹ್ಯಾಪ್ಲೂಸ್’ ಇದರ ಮೂಲ. ಜರ್ಮನ್ ಪದವಾಗಿ ಇದನ್ನು 1905ರಲ್ಲಿ ಬಳಕೆಗೆ ತಂದವರು ಸಸ್ಯವಿಜ್ಞಾನಿ ಎಡುವರ್ಡ್ ಸ್ಟ್ರಾಸ್‌ಬರ್ಗರ್. ಕನ್ನಡದಲ್ಲಿ ‘ಏಕಗುಣಿತ’ ಎನ್ನಬಹುದು. ಭತ್ತದ ಸಾಮಾನ್ಯ ಜೀವಕೋಶದಲ್ಲಿ 24 ವರ್ಣತಂತುಗಳಿದ್ದರೆ, ಅದರ ಪರಾಗದಲ್ಲಿ ಒಂದೇ ಗಣ, ಅಂದರೆ 12 ಮಾತ್ರ; ಹಾಗಾಗಿ ಪರಾಗ ಹ್ಯಾಪ್ಲಾಯ್ಡ್.

ಪರಾಗದಿಂದಲೇ ಗಿಡ ಬೆಳೆಸಬಹುದೆಂಬ ದಾರಿ ತೆರೆದದ್ದು ದೆಹಲಿ ವಿಶ್ವವಿದ್ಯಾಲಯದಲ್ಲಿ. ಸಿಪ್ರಾ ಗುಹಾ ಮತ್ತು ಸತೀಶ್ ಮಹೇಶ್ವರಿ 1964ರಲ್ಲಿ ದತ್ತೂರಿಯ ಪರಾಗಕೋಶಗಳನ್ನು ಪೋಷಕ ಮಾಧ್ಯಮದಲ್ಲಿಟ್ಟು ಭ್ರೂಣಗಳನ್ನು ಪಡೆದರು. 1968ರಲ್ಲಿ ಜಪಾನಿನ ವಿಜ್ಞಾನಿಗಳು ಇದೇ ಕ್ರಮವನ್ನು ಭತ್ತದಲ್ಲಿ ಸಾಧಿಸಿದರು.

ಹೀಗೆ ಹುಟ್ಟಿದ ಏಕಗುಣಿತ ಗಿಡ ಕಾಳು ಕಟ್ಟದು. ಕಾಲ್ಚಿಸಿನ್ ರಾಸಾಯನಿಕ ಬಳಸಿ ವರ್ಣತಂತುಗಳನ್ನು ಇಮ್ಮಡಿಗೊಳಿಸಿದರೆ ಅದು ‘ಡಬಲ್ಡ್ ಹ್ಯಾಪ್ಲಾಯ್ಡ್’ ಆಗುತ್ತದೆ. ಭತ್ತದಲ್ಲಿ ಎಷ್ಟೋ ಸಸಿಗಳು ತಾವಾಗಿಯೇ ಇಮ್ಮಡಿಯಾಗುವುದೂ ಉಂಟು. ವರ್ಣತಂತುಗಳ ಎರಡೂ ಗಣ ಒಂದೇ ಪಡಿಯಚ್ಚಾದ್ದರಿಂದ ಇದು ಪೂರ್ಣ ಶುದ್ಧ ತಳಿ. ಸಂಕರಣದ ನಂತರ ಆರೇಳು ತಲೆಮಾರು ಸ್ವಪರಾಗಸ್ಪರ್ಶ ಮಾಡಿಸಿ ಪಡೆಯುತ್ತಿದ್ದ ಸ್ಥಿರತೆ ಇಲ್ಲಿ ಒಂದೇ ತಲೆಮಾರಿಗೆ ದಕ್ಕುತ್ತದೆ.

ತಳಿ ವಿವರಣೆಯಲ್ಲಿ ‘ಡಿಎಚ್’ ಎಂದು ಕಂಡರೆ ಅದು ‘ಡಬಲ್ಡ್ ಹ್ಯಾಪ್ಲಾಯ್ಡ್’ನ ಹ್ರಸ್ವರೂಪ.