ಹೆಸರು ಕದ್ದ ಸೀರೆ

ನಕಲಿ ಉಡುಪು ಎಂದೊಡನೆ ಪರದೇಶದ ದುಬಾರಿ ಕಂಪನಿಗಳ ಮುದ್ರೆಯೇ ಎಲ್ಲರಿಗೂ ನೆನಪಾಗುತ್ತದೆ. ಇತಿಹಾಸದ ಮೇಷ್ಟರಾಗಿದ್ದ ನನಗೆ ನೆನಪಾಗುವುದು 1866ನೆಯ ಇಸವಿ. ಆ ವರ್ಷ ಲಂಡನ್ನಿನಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಎಂಬವರು ಭಾರತದ ಬಟ್ಟೆಗಳ 700 ತುಣುಕುಗಳನ್ನು 18 ಸಂಪುಟಗಳಲ್ಲಿ ಜೋಡಿಸಿ ಪ್ರಕಟಿಸಿದರು. ಸಿದ್ಧವಾದ 20 ಪ್ರತಿಗಳಲ್ಲಿ 13 ಬ್ರಿಟನ್ನಿಗೆ, 7 ಭಾರತಕ್ಕೆ ಮೀಸಲಾದವು. ಅಲ್ಲಿನ ಗಿರಣಿಗಳು ನಮ್ಮವರ ಅಭಿರುಚಿಯನ್ನರಿತು ಅಂಥದೇ ಬಟ್ಟೆ ತಯಾರಿಸಲಿ ಎಂಬುದು ಅದರ ಉದ್ದೇಶವಾಗಿತ್ತು.

ಸ್ವಾತಂತ್ರ್ಯಾನಂತರ ಅದೇ ಕೆಲಸವನ್ನು ನಮ್ಮ ವಿದ್ಯುತ್ ಮಗ್ಗಗಳು ಮುಂದುವರಿಸಿದವು. ಇದನ್ನು ತಡೆಯಲು 1985ರಲ್ಲಿ ಸಂಸತ್ತು ಕಾಯಿದೆ ಮಾಡಿ, ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಈ ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಮೊದಲು 22 ಇದ್ದ ಮೀಸಲು ವಸ್ತುಗಳು 1996ರಲ್ಲಿ 11ಕ್ಕೆ ಇಳಿದವು. ಸೀರೆಯೇನೋ ಪಟ್ಟಿಯಲ್ಲಿ ಉಳಿಯಿತು, ನಕಲೂ ಉಳಿಯಿತು.

ನಮ್ಮ ಇಳಕಲ್ ಸೀರೆಯನ್ನೇ ನೋಡಿ. ಒಡಲಿನ ಹಾಸೆಳೆಗಳನ್ನೂ ಸೆರಗಿನ ಹಾಸೆಳೆಗಳನ್ನೂ ಕೊಂಡಿ ಹಾಕಿ ಒಂದೊಂದಾಗಿ ಕೂಡಿಸುವುದು ಅದರ ವೈಶಿಷ್ಟ್ಯ. ಮಗ್ಗದ ಮುಂದೆ ಕುಳಿತವನು ಒಬ್ಬನಾದರೂ ನೂಲು ಸುತ್ತುವ, ಹಾಸು ಹೂಡುವ ದುಡಿಮೆ ಇಡೀ ಮನೆಯದು. ಅದರಲ್ಲಿ ಹೆಣ್ಣುಮಕ್ಕಳ ಪಾಲು ಬಲು ದೊಡ್ಡದು. ಲೆಕ್ಕಕ್ಕೆ ಬರುವುದು ಮಾತ್ರ ಕಡಿಮೆ. ಯಂತ್ರದ ಸೀರೆ ಅಗ್ಗವಾಗಿ ಬಡವರಿಗೆ ದಕ್ಕಿದರೆ ನನ್ನ ತಕರಾರಿಲ್ಲ. ಅದನ್ನೇ ಕೈಮಗ್ಗದ್ದೆಂದು ಮಾರಿದಾಗ ಕೊಂಡವರು ಮೋಸಹೋಗುತ್ತಾರೆ. ನೇಯ್ದವನಿಗೋ, ಆ ನಕಲಿನ ಬೆಲೆಯೊಡನೆ ಪೈಪೋಟಿ ನಡೆಸಬೇಕಾಗಿ ಬಂದು ಕೂಲಿಯೇ ಕುಸಿಯುತ್ತದೆ.

ಕೈಮಗ್ಗ ಗಣತಿಯ ಪ್ರಕಾರ, 1995-96ರಲ್ಲಿ ದೇಶದಲ್ಲಿ ಸುಮಾರು 65 ಲಕ್ಷವಿದ್ದ ನೇಕಾರರು ಮತ್ತು ಸಹಾಯಕರ ಸಂಖ್ಯೆ 2019-20ರಲ್ಲಿ 35 ಲಕ್ಷದಷ್ಟಿತ್ತು. ಆಗ ಸುಮಾರು ಮೂರನೆಯ ಎರಡು ಪಾಲು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗೂ ಕಡಿಮೆ. ಈ ಕುಸಿತಕ್ಕೆಲ್ಲ ನಕಲೊಂದೇ ಕಾರಣವೆನ್ನಲಾಗದು. ನೂಲಿನ ಬೆಲೆ, ಸಾಲ, ಬದಲಾದ ಉಡುಗೆ, ಎಲ್ಲವೂ ಇವೆ. ಆದರೆ ಉಳಿದ ಕಷ್ಟಗಳ ನಡುವೆಯೂ ನೇಕಾರನ ಕೈಯಲ್ಲಿದ್ದುದು ತನ್ನ ಊರಿನ ಹೆಸರೊಂದೇ. ನಕಲು ಅದನ್ನೂ ಕಸಿಯುತ್ತದೆ. ಅಪ್ಪನ ದುಡಿಮೆಗೆ ಬೆಲೆಯಿಲ್ಲದ್ದನ್ನು ಕಂಡ ಮಗ ಮಗ್ಗದ ಕುಣಿಗೆ ಇಳಿಯುವುದಾದರೂ ಏಕೆ?

ಕೈಮಗ್ಗದ ಬಟ್ಟೆಯನ್ನು ಗುರುತಿಸಲೆಂದು 2006ರಲ್ಲಿ ‘ಹ್ಯಾಂಡ್‌ಲೂಮ್ ಮಾರ್ಕ್’ ಜಾರಿಗೆ ಬಂದಿತು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಶಿಷ್ಯರೇ, ಬಂಧುಗಳೇ, ಮನೆಯ ಮದುವೆಗೆ ಕೈಮಗ್ಗದ ಸೀರೆ ಕೊಳ್ಳುವಾಗ ಆ ಗುರುತನ್ನು ಕೇಳಿ ನೋಡಿರಿ. ಅಂಗಡಿಯವನು ಬೇಸರಪಟ್ಟರೂ ಚಿಂತೆಯಿಲ್ಲ.