ಬಾರ್ ಎಷ್ಟುದ್ದ ಬೇಕು?

ಹೋದ ಮಳೆಗಾಲ ಮುಗಿದ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಚಿಕ್ಕಪ್ಪ ಫೋನ್ ಮಾಡಿದರು. "ತೋಟದ ಸಿಲ್ವರ್ ಮರ ಕಡಿಸ್ಬೇಕು ಮಾರಾಯ, ಆಳು ಸಿಗಲ್ಲ. ಒಂದು ಚೈನ್‌ಸಾ ತಗಳನ ಅಂತ. 22 ಇಂಚಿನ ಬಾರ್ ಇರೋದೇ ನೋಡು. ದೊಡ್ಡದಿದ್ರೆ ಎಲ್ಲದಕ್ಕೂ ಆಗುತ್ತೆ."

ಲ್ಯಾಪ್‌ಟಾಪ್ ಕೊಳ್ಳುವಾಗ ನಾನೂ ಹೀಗೇ ಯೋಚಿಸೋದು. ಆದರೆ ಚಿಕ್ಕಪ್ಪನಿಗೆ ವಯಸ್ಸು 58, ಜೊತೆಗೆ ಭುಜದ ನೋವು. ಹಾಗಾಗಿ ಈ ಯಂತ್ರದ ಇತಿಹಾಸ ಸ್ವಲ್ಪ ಓದಿದೆ.

ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಕರೆಂಟಿನ ಚೈನ್‌ಸಾ ಮಾಡಿದ. ಕಾಡಲ್ಲಿ ಕರೆಂಟು ಎಲ್ಲಿ? 1929ರಲ್ಲಿ ಪೆಟ್ರೋಲಿನದು ಬಂತು: 46 ಕೆಜಿ, 6 ಅಶ್ವಶಕ್ತಿ. ಒಂದು ತುದಿಯಲ್ಲಿ ಎಂಜಿನ್, ಇನ್ನೊಂದು ತುದಿಯಲ್ಲಿ ಹಿಡಿ. ಇಬ್ಬರು ಹೊರಬೇಕು. ಅದೇ ಕಂಪನಿ 1959ರಲ್ಲಿ ತಂದ 'ಕಾಂಟ್ರಾ' ಕೂಡ 6 ಅಶ್ವಶಕ್ತಿಯದೇ, ತೂಕ ಮಾತ್ರ 12 ಕೆಜಿ. ಮೂವತ್ತು ವರ್ಷ ಎಂಜಿನಿಯರುಗಳು ತೂಕ ಇಳಿಸೋಕೆ ಬೆವರು ಸುರಿಸಿದ್ದಾರೆ ನೋಡಿ.

ಸರಪಳಿಯ ಹಲ್ಲಿನದು ಇನ್ನೊಂದು ಕಥೆ. ಅಮೆರಿಕದ ಆರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್, ದುಂಬಿಯ ಹುಳುವೊಂದು ಎಡಕ್ಕೂ ಬಲಕ್ಕೂ ಕೊರೆಯುತ್ತ ಮರದೊಳಗೆ ಸಾಗೋದನ್ನು ಗಮನಿಸಿದ. ಅದರ ದವಡೆಯಂತೆ ಹಲ್ಲು ಮಾಡಿ, 1947ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಕಂಪನಿ ತೆರೆದ. ಇಂದಿನ ಸರಪಳಿಗಳ ಹಲ್ಲು ಬಹುಪಾಲು ಆ ಮಾದರಿಯವೇ.

ಯಂತ್ರ ಹಗುರಾದರೂ ಬಾರ್ ಎಲ್ಲೆಡೆ ಒಂದೇ ಅಳತೆಗೆ ಬರಲಿಲ್ಲ. ಆರೆಗಾನ್ ಕಡೆ ಡಗ್ಲಾಸ್ ಫರ್ ಎಂಬ ಭಾರೀ ಮರಗಳು, ಅದಕ್ಕೆ ಉದ್ದ ಬಾರ್, ದೊಡ್ಡ ಎಂಜಿನ್. ಸ್ವೀಡನ್ ಕಡೆ ಸಣ್ಣ ಕಾಂಡದ ಮರಗಳು, ಅಲ್ಲಿ 13-15 ಇಂಚೇ ಸಾಕು. ಅದರಲ್ಲೇ ಉರುಳಿಸಿ, ಅದರಲ್ಲೇ ರೆಂಬೆ ಸವರುತ್ತಾರೆ. ಅಳತೆ ಕೊಟ್ಟಿದ್ದು ಮರ.

ಬಾರ್ ಪೂರ್ತಿ ಮರದೊಳಗೆ ಹೋದಾಗ ಅಷ್ಟೂ ಹಲ್ಲುಗಳನ್ನು ಎಂಜಿನ್ನೇ ಎಳೆಯಬೇಕು. 45 ಸಿಸಿ ಎಂಜಿನ್‌ಗೆ 22 ಇಂಚು ಹಾಕಿದರೆ ಸರಪಳಿ ಏದುಸಿರು ಬಿಡುತ್ತೆ, ಮನುಷ್ಯ ಒತ್ತೋಕೆ ಶುರು ಮಾಡ್ತಾನೆ. ಉದ್ದ ಬಾರಿನ ತುದಿ ಮರದಾಚೆ ಎಲ್ಲಿದೆ ಅಂತ ಕಾಣಲ್ಲ. ತುದಿಯ ಮೇಲ್ಭಾಗ ಇನ್ನೊಂದು ಕೊಂಬೆಗೆ ತಗುಲಿದರೆ ಇಡೀ ಗರಗಸ ಕ್ಷಣಾರ್ಧದಲ್ಲಿ ಮುಖದ ಕಡೆಗೇ ಎಗರುತ್ತೆ. ಕಿಕ್‌ಬ್ಯಾಕ್ ಅನ್ನೋದು ಇದನ್ನೇ.

"ಮೊದಲು ಟೇಪ್ ಹಿಡಿದು ಮರದ ಸುತ್ತಳತೆ ನೋಡಿ" ಅಂದೆ. ದಪ್ಪ ಮರಗಳೂ 44 ಇಂಚಿನ ಆಸುಪಾಸು, ಅಂದರೆ ಅಡ್ಡಳತೆ ಸುಮಾರು 14. ಅದಕ್ಕೆ 16 ಇಂಚಿನ ಬಾರ್, 50 ಸಿಸಿ ಎಂಜಿನ್ ಸಾಕು. "ಉಳಿದ ದುಡ್ಡಿಗೆ ಹೆಲ್ಮೆಟ್, ಕಾಲಿನ ರಕ್ಷಾಕವಚ ತಗೊಳ್ಳಿ ಚಿಕ್ಕಪ್ಪ" ಅಂದೆ.

ಬಾರಿಗೆ ಒಪ್ಪಿದರು. "ಆ ಕವಚ ಕಟ್ಕೊಂಡು ಸೆಖೇಲಿ ಸಾಯೋದಾ?" ಅಂತ ಕೇಳಿದರು. ಆ ಜಗಳ ಇನ್ನೂ ಮುಗಿದಿಲ್ಲ. ನಾನಂತೂ ಬಿಡೋದಿಲ್ಲ.