ಹೆಚ್ಚು ಮತ ಪಡೆದವರು ಸೋಲುವುದೇಕೆ?



ಉಪಾಧ್ಯಾಯನಿಗೆ ತಾನು ಹೇಳಿಕೊಟ್ಟ ಪಾಠಗಳು ಮರೆತುಹೋಗುತ್ತವೆ; ಸರಿಯಾಗಿ ಉತ್ತರಿಸದೆ ಬಿಟ್ಟ ಪ್ರಶ್ನೆಗಳು ಮಾತ್ರ ಬೆನ್ನು ಬಿಡುವುದಿಲ್ಲ. ಅಂತಹ ಒಂದು ಪ್ರಶ್ನೆಯ ಋಣವನ್ನು ತೀರಿಸಲೆಂದು ಇಂದು ಬರೆಯಲು ಕುಳಿತಿದ್ದೇನೆ.

2000ದ ಡಿಸೆಂಬರ್ ತಿಂಗಳು. ಹತ್ತನೆಯ ತರಗತಿಗೆ ಪೌರನೀತಿಯ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಅಮೆರಿಕದಲ್ಲಿ ಗೋರ್ ಅವರಿಗೇ ಜಾಸ್ತಿ ಓಟು ಬಂದಿದೆಯಂತೆ. ಆದರೂ ಬುಷ್ ಗೆದ್ದರಂತೆ. ಜಾಸ್ತಿ ಓಟು ಬಂದವರು ಹೇಗೆ ಸಾರ್ ಸೋಲುತ್ತಾರೆ?" ಎಂದು ಕೇಳಿದಳು. ಪಾಠ ಮುಗಿಸುವ ಆತುರದಲ್ಲಿದ್ದ ನಾನು, "ಅದು ಅವರ ಸಂವಿಧಾನದ ವಿಚಿತ್ರ ಕಣಮ್ಮ. ನಮ್ಮಲ್ಲಿ ಹಾಗೆಲ್ಲ ಆಗುವುದಿಲ್ಲ. ಕೂತುಕೋ, ಪರೀಕ್ಷೆಗೆ ಬರುವುದನ್ನು ಓದಿಕೋ" ಎಂದುಬಿಟ್ಟೆ. ತರಗತಿ ನಕ್ಕಿತು. ಹುಡುಗಿ ಕುಳಿತಳು.

ಆಕೆ ಈಗ ನ್ಯೂಜಿಲೆಂಡಿನಲ್ಲಿದ್ದಾಳೆ. 2023ರ ಅಕ್ಟೋಬರ್‌ನಲ್ಲಿ ದೂರವಾಣಿ ಮಾಡಿ, "ಸಾರ್, ಇಲ್ಲಿ ಮೊದಲ ಸಲ ಓಟು ಹಾಕಿ ಬಂದೆ. ಒಂದಲ್ಲ, ಎರಡು ಓಟು! ಆಗ ನಿಮ್ಮ ಕ್ಲಾಸೇ ನೆನಪಾಯಿತು" ಎಂದಳು. ಅವಳ ಮಾತಿನಲ್ಲಿ ಆಕ್ಷೇಪವೇನೂ ಇರಲಿಲ್ಲ. ಆದರೆ ನನಗೆ ನಾಚಿಕೆಯಾಯಿತು. ಅಂದು ನಾನು ಹೇಳಿದ್ದು ಅರ್ಧ ಉತ್ತರವಾಗಿತ್ತು. ಉಳಿದ ಅರ್ಧವಂತೂ ತಪ್ಪೇ ಆಗಿತ್ತು.

ಮೊದಲು ಅಮೆರಿಕದ ಸಂಗತಿ. 1787ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿದ ಸಂವಿಧಾನ ನಿರ್ಮಾತೃಗಳು ಅಧ್ಯಕ್ಷರ ಆಯ್ಕೆಯನ್ನು ನೇರವಾಗಿ ಜನರ ಕೈಗೆ ಕೊಡಲಿಲ್ಲ. ಪ್ರತಿ ರಾಜ್ಯಕ್ಕೂ ಇಂತಿಷ್ಟು ಚುನಾಯಕರು ಎಂದು ಗೊತ್ತುಮಾಡಿ, ಅವರ ಮೂಲಕ ಅಧ್ಯಕ್ಷರು ಆಯ್ಕೆಯಾಗಬೇಕೆಂದರು. ಚಿಕ್ಕ ರಾಜ್ಯಗಳಿಗೆ ದೊಡ್ಡ ರಾಜ್ಯಗಳ ಭಯವಿತ್ತು. ದಕ್ಷಿಣದ ರಾಜ್ಯಗಳಿಗೆ ಇನ್ನೊಂದು ಲೆಕ್ಕಾಚಾರ. ಗುಲಾಮರಿಗೆ ಮತವಿರಲಿಲ್ಲ, ಆದರೆ ಪ್ರಾತಿನಿಧ್ಯವನ್ನು ನಿರ್ಧರಿಸುವಾಗ ಐದು ಗುಲಾಮರನ್ನು ಮೂವರೆಂದು ಎಣಿಸುವ ಒಪ್ಪಂದವಾಯಿತು. ಮತವಿಲ್ಲದ ಮನುಷ್ಯರ ತಲೆಯೆಣಿಕೆಯಿಂದ ಒಡೆಯರ ರಾಜ್ಯಗಳ ತೂಕ ಹೆಚ್ಚಿತು. ಆ ಲೆಕ್ಕ ಗುಲಾಮಗಿರಿಯೊಂದಿಗೆ ಅಳಿಯಿತು. ಚುನಾಯಕರ ಪದ್ಧತಿ ಉಳಿಯಿತು.

ಇಂದು ಒಟ್ಟು ಚುನಾಯಕರು 538. ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕ ರಾಜ್ಯಗಳನ್ನು ಬಿಟ್ಟರೆ, ಒಂದು ರಾಜ್ಯದಲ್ಲಿ ಒಂದೇ ಮತದಿಂದ ಮುಂದಿದ್ದರೂ ಅಲ್ಲಿನ ಎಲ್ಲ ಚುನಾಯಕರೂ ಗೆದ್ದವರ ಪಾಲು. 2000ದಲ್ಲಿ ಇಡೀ ದೇಶದಲ್ಲಿ ಆಲ್ ಗೋರ್ ಅವರಿಗೆ ಸುಮಾರು 5 ಲಕ್ಷ 40 ಸಾವಿರ ಮತಗಳು ಹೆಚ್ಚಾಗಿ ಬಂದಿದ್ದವು. ಆದರೆ ಸುಮಾರು 60 ಲಕ್ಷ ಜನ ಮತ ಹಾಕಿದ ಫ್ಲೋರಿಡದಲ್ಲಿ ಜಾರ್ಜ್ ಬುಷ್ 537 ಮತಗಳಿಂದ ಮುಂದಿದ್ದರು. ಮರುಎಣಿಕೆಯ ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ಡಿಸೆಂಬರ್ 12ರಂದು ಎಣಿಕೆ ನಿಂತಿತು. ಬುಷ್ 271 ಚುನಾಯಕರ ಮತಗಳೊಂದಿಗೆ ಅಧ್ಯಕ್ಷರಾದರು. 2016ರಲ್ಲಿಯೂ ಹೀಗೆಯೇ ಆಯಿತು. ಹಿಲರಿ ಕ್ಲಿಂಟನ್ ಅವರಿಗೆ 28 ಲಕ್ಷಕ್ಕೂ ಮೀರಿ ಹೆಚ್ಚಿನ ಮತ ಬಂದರೂ ಡೊನಾಲ್ಡ್ ಟ್ರಂಪ್ ಗೆದ್ದರು.

ಇಷ್ಟು ಹೇಳಿದ್ದರೆ ಅಂದಿನ ಉತ್ತರ ಅರ್ಧವಾದರೂ ಸರಿಯಾಗುತ್ತಿತ್ತು. "ನಮ್ಮಲ್ಲಿ ಹಾಗೆಲ್ಲ ಆಗುವುದಿಲ್ಲ" ಎಂದೆನಲ್ಲ, ಅದೇ ತಪ್ಪು.

ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಹುದಾದ ಲೆಕ್ಕವಿದು. ಮೂರು ಕ್ಷೇತ್ರಗಳಿವೆ, ಒಂದೊಂದರಲ್ಲಿ ನೂರು ಮತದಾರರು ಎನ್ನಿ. ಮೊದಲೆರಡು ಕ್ಷೇತ್ರಗಳಲ್ಲಿ 'ಅ' ಪಕ್ಷ 51, 'ಬ' ಪಕ್ಷ 49. ಮೂರನೆಯದರಲ್ಲಿ 'ಅ' ಪಕ್ಷ 10, 'ಬ' ಪಕ್ಷ 90. ಈಗ ಕೂಡಿಸಿ. 'ಅ' ಪಕ್ಷಕ್ಕೆ 112 ಮತ, ಎರಡು ಸ್ಥಾನ. 'ಬ' ಪಕ್ಷಕ್ಕೆ 188 ಮತ, ಒಂದೇ ಸ್ಥಾನ. ಕ್ಷೇತ್ರವಾರು ಎಣಿಸುವ ಪದ್ಧತಿಯಲ್ಲಿ ಎಷ್ಟು ಮತ ಬಂತು ಎಂಬುದರಷ್ಟೇ, ಆ ಮತಗಳು ಎಲ್ಲೆಲ್ಲಿ ಹಂಚಿಹೋದವು ಎಂಬುದೂ ಮುಖ್ಯ. ಒಂದೇ ಕಡೆ ರಾಶಿಬಿದ್ದ ಮತಗಳು ಗೆಲುವಿನ ಅಂತರವನ್ನು ಹೆಚ್ಚಿಸುತ್ತವೆಯೇ ಹೊರತು ಸ್ಥಾನಗಳನ್ನಲ್ಲ.

ಈ ಪದ್ಧತಿ ನಮಗೆ ಬಂದದ್ದು ಬ್ರಿಟನ್ನಿನಿಂದ. ಅಲ್ಲಿ 1951ರಲ್ಲಿ ಆಟ್ಲಿಯವರ ಲೇಬರ್ ಪಕ್ಷಕ್ಕೆ ಕನ್ಸರ್ವೇಟಿವ್ ಪಕ್ಷಕ್ಕಿಂತ ಹೆಚ್ಚು ಮತ ಬಂದಿತ್ತು. ಆದರೆ ಹೆಚ್ಚು ಸ್ಥಾನ ಗೆದ್ದ ಚರ್ಚಿಲ್ ಪ್ರಧಾನಿಯಾದರು. ದೂರದ ಮಾತೇಕೆ? ನಮ್ಮ ಕರ್ನಾಟಕವನ್ನೇ ನೋಡಿ. 2008ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಭಾರತೀಯ ಜನತಾ ಪಕ್ಷಕ್ಕಿಂತ ಸುಮಾರು ಶೇಕಡಾ ಒಂದರಷ್ಟು ಹೆಚ್ಚಿನ ಮತ. ಸ್ಥಾನಗಳು ಮಾತ್ರ ಭಾಜಪಕ್ಕೆ 110, ಕಾಂಗ್ರೆಸ್ಸಿಗೆ 80. 2018ರಲ್ಲಿ ಮತ್ತೆ ಅದೇ ಬಗೆ. ಕಾಂಗ್ರೆಸ್ಸಿಗೆ ಶೇಕಡಾ 38ರಷ್ಟು, ಭಾಜಪಕ್ಕೆ 36ರಷ್ಟು ಮತ. ಆದರೆ 104 ಸ್ಥಾನ ಗೆದ್ದ ಭಾಜಪವೇ ದೊಡ್ಡ ಪಕ್ಷ. ಯಾವ ಪಕ್ಷದ ಪರವಾಗಿಯೂ ಇದನ್ನು ಹೇಳುತ್ತಿಲ್ಲ. ಇಂದು ಒಬ್ಬರಿಗೆ ಒಲಿದ ಲೆಕ್ಕ ನಾಳೆ ಇನ್ನೊಬ್ಬರಿಗೆ ಒಲಿಯುತ್ತದೆ. 2008ರ ಫಲಿತಾಂಶ ಓದಿದ ದಿನವೇ ಆ ಹುಡುಗಿಗೆ ಪತ್ರ ಬರೆಯಬೇಕಿತ್ತು. ಬರೆಯಲಿಲ್ಲ.

ಇನ್ನು ಅವಳ ಎರಡು ಮತಗಳ ವಿಷಯ. ನ್ಯೂಜಿಲೆಂಡಿನಲ್ಲಿಯೂ ಮೊದಲು ಬ್ರಿಟನ್ನಿನ ಪದ್ಧತಿಯೇ ಇತ್ತು. ಅಲ್ಲಿ 1978ರಲ್ಲಿ ಒಮ್ಮೆ, 1981ರಲ್ಲಿ ಮತ್ತೊಮ್ಮೆ, ಹೆಚ್ಚು ಮತ ಪಡೆದ ಲೇಬರ್ ಪಕ್ಷ ವಿರೋಧ ಪಕ್ಷದಲ್ಲಿ ಕುಳಿತಿತು. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಎಂಬ ಮೂರನೆಯ ಪಕ್ಷಕ್ಕೆ ಐದರಲ್ಲೊಂದು ಭಾಗ ಮತ ಬಿದ್ದಿತ್ತು. ದಕ್ಕಿದ್ದು 92ರಲ್ಲಿ ಎರಡು ಸ್ಥಾನ. ಜನರಿಗೆ ಇದು ಸರಿಕಾಣಲಿಲ್ಲ. ಸರ್ಕಾರ ನೇಮಿಸಿದ ಆಯೋಗ 1986ರಲ್ಲಿ ಬದಲಾವಣೆಗೆ ಶಿಫಾರಸು ಮಾಡಿತು. 1992ರಲ್ಲಿಯೂ 1993ರಲ್ಲಿಯೂ ಜನಮತಗಣನೆ ನಡೆದು, 1996ರಿಂದ ಹೊಸ ಪದ್ಧತಿ ಬಂತು. ಇದಕ್ಕೆ ಮಾದರಿ ಜರ್ಮನಿ. ಮತದಾರನ ಒಂದು ಮತ ತನ್ನ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ತಾನು ಮೆಚ್ಚಿದ ಪಕ್ಷಕ್ಕೆ. ಸಂಸತ್ತಿನಲ್ಲಿ ಯಾವ ಪಕ್ಷಕ್ಕೆ ಎಷ್ಟು ಪಾಲು ಎಂಬುದನ್ನು ಪಕ್ಷದ ಮತವೇ ನಿರ್ಧರಿಸುತ್ತದೆ.

ಹಾಗಾದರೆ ಇದೇ ದೋಷವಿಲ್ಲದ ಪದ್ಧತಿಯೇ? ಅಲ್ಲ. 1996ರ ಆ ಮೊದಲ ಚುನಾವಣೆಯ ಬಳಿಕ ನ್ಯೂಜಿಲೆಂಡಿನಲ್ಲಿ ಪಕ್ಷಗಳ ಮಾತುಕತೆ ಮುಗಿದು ಸರ್ಕಾರ ರಚನೆಯಾಗಲು ಸುಮಾರು ಎರಡು ತಿಂಗಳು ಹಿಡಿಯಿತು. ಜರ್ಮನಿಯಲ್ಲಿ ಚಿಲ್ಲರೆ ಪಕ್ಷಗಳು ಹೆಚ್ಚಬಾರದೆಂದು ಶೇಕಡಾ ಐದರ ಗಡಿಯಿದೆ. 2025ರ ಫೆಬ್ರವರಿಯಲ್ಲಿ ಒಂದು ಪಕ್ಷ ಶೇಕಡಾ 4.98 ಮತ ಪಡೆದೂ ಒಂದು ಸ್ಥಾನವಿಲ್ಲದೆ ಹೊರಗುಳಿಯಿತು. ನಮ್ಮ ಪದ್ಧತಿಯಲ್ಲಿ ಶಾಸಕ ಯಾರೆಂಬುದು ಹಳ್ಳಿಯ ಅಜ್ಜಿಗೂ ಗೊತ್ತು, ದೂರು ಒಯ್ಯಲು ಒಂದು ಮನೆ ಬಾಗಿಲಿದೆ. ಒಂದನ್ನು ಪಡೆಯಲು ಇನ್ನೊಂದನ್ನು ಸ್ವಲ್ಪ ಬಿಟ್ಟುಕೊಡಲೇಬೇಕು.

ಅಜ್ಜಿ ಎಂದಾಗ ಒಂದು ನೆನಪು. 1999ರಲ್ಲಿ ಚುನಾವಣಾ ಕೆಲಸಕ್ಕೆಂದು ಒಂದು ಹಳ್ಳಿಯ ಮತಗಟ್ಟೆಗೆ ಹೋಗಿದ್ದೆ. ಮೈಸೂರಿನಲ್ಲಿ ತಯಾರಾದ ಶಾಯಿಯನ್ನು ಬೆರಳಿಗೆ ಹಚ್ಚಿಸಿಕೊಂಡ ವೃದ್ಧೆಯೊಬ್ಬರು ನನ್ನ ಬಳಿ ಬಗ್ಗಿ, "ನಾ ಯಾರಿಗೆ ಹಾಕ್ದೆ ಅಂತ ಗೌಡ್ರಿಗೆ ಗೊತ್ತಾಗಾಕಿಲ್ವಲ್ಲ ಸ್ವಾಮಿ?" ಎಂದು ಪಿಸುಗುಟ್ಟಿದರು. "ದೇವರಾಣೆಗೂ ಇಲ್ಲಮ್ಮ" ಎಂದೆ. ಅವರ ಮುಖದ ನಿರಾಳವನ್ನು ನಾನು ಮರೆತಿಲ್ಲ. ಆ ಭರವಸೆಯ ಹಿಂದೆ ದೀರ್ಘ ಚರಿತ್ರೆಯಿದೆ. ಬ್ರಿಟನ್ನಿನಲ್ಲಿ 1872ರವರೆಗೆ ಮತದಾರ ಎಲ್ಲರೆದುರು ಬಾಯಿಬಿಟ್ಟು ತನ್ನ ಆಯ್ಕೆಯನ್ನು ಹೇಳಬೇಕಿತ್ತು. ಗೇಣಿದಾರ ಜಮೀನ್ದಾರನ ಕಣ್ಣೆದುರಲ್ಲೇ ಮತ ಕೊಡಬೇಕಿತ್ತು. ಸರ್ಕಾರವೇ ಮತಪತ್ರ ಕೊಟ್ಟು ಗುಟ್ಟಾಗಿ ಗುರುತು ಮಾಡಿಸುವ ಕ್ರಮ 1856ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ, ದಕ್ಷಿಣ ಆಸ್ಟ್ರೇಲಿಯಗಳಲ್ಲಿ ಆರಂಭವಾಗಿ ಲೋಕಕ್ಕೆಲ್ಲ ಹರಡಿತು.

ಆ ವೃದ್ಧೆ ಮತಗಟ್ಟೆಗೆ ಬರುವ ಹಕ್ಕಿಗೂ ಚರಿತ್ರೆಯಿದೆ. ಇಡೀ ದೇಶದ ಮಹಿಳೆಯರಿಗೆ ಮೊದಲು ಮತ ಕೊಟ್ಟದ್ದು ನ್ಯೂಜಿಲೆಂಡ್, 1893ರಲ್ಲಿ. ಪ್ರಜಾಪ್ರಭುತ್ವದ ತವರೆನ್ನಿಸಿಕೊಂಡ ಸ್ವಿಟ್ಜರ್ಲೆಂಡ್ ತನ್ನ ರಾಷ್ಟ್ರೀಯ ಚುನಾವಣೆಗಳಲ್ಲಿ ಅದನ್ನು ಕೊಟ್ಟದ್ದು 1971ರಲ್ಲಿ. ನಾವು ಮೊದಲ ಮಹಾಚುನಾವಣೆಯಲ್ಲೇ ಕೊಟ್ಟೆವು. ಆದರೆ ಆ ಪಟ್ಟಿ ತಯಾರಿಸುವಾಗ ಅನೇಕ ಹೆಂಗಸರು ತಮ್ಮ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿದರು. ಅಂತಹ ಸುಮಾರು 28 ಲಕ್ಷ ನಮೂದುಗಳನ್ನು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಕೈಬಿಡಿಸಿದರು. ಹೆಸರಿಲ್ಲದೆ ಮತವಿಲ್ಲ ಎಂಬ ನಿಲುವು ಕಠಿಣವಾಗಿತ್ತು. ಮುಂದಿನ ಚುನಾವಣೆಗಳಿಗೆ ಹೆಂಗಸರು ಸ್ವಂತ ಹೆಸರಿನಿಂದಲೇ ಬಂದರು.

"ನನ್ನೊಬ್ಬನ ಮತದಿಂದ ಏನಾದೀತು?" ಎನ್ನುವ ಹಳೆಯ ವಿದ್ಯಾರ್ಥಿಗಳಿಗೆ ಒಂದೇ ಹೆಸರು ಹೇಳುತ್ತೇನೆ: ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ. ಆರ್. ಕೃಷ್ಣಮೂರ್ತಿಯವರಿಗೆ 40,751.

ಕೊನೆಯದಾಗಿ ಒಂದು ಸಂಗತಿ. 2001ರ ಜನವರಿ 6ರಂದು ಅಮೆರಿಕದ ಸಂಸತ್ತಿನಲ್ಲಿ ಚುನಾಯಕರ ಮತಗಳನ್ನು ಎಣಿಸಿದರು. ಉಪಾಧ್ಯಕ್ಷರಾಗಿ ಆ ಸಭೆಯ ಅಧ್ಯಕ್ಷತೆ ವಹಿಸಬೇಕಾಗಿದ್ದವರು ಸೋತ ಗೋರ್ ಅವರೇ. ತಮ್ಮ ಪಕ್ಷದವರೇ ಎತ್ತಿದ ಆಕ್ಷೇಪಗಳನ್ನು ನಿಯಮದಂತೆ ತಳ್ಳಿಹಾಕಿ, ತಮ್ಮ ಎದುರಾಳಿಯ ಗೆಲುವನ್ನು ತಾವೇ ಓದಿ ಹೇಳಿದರು. ಸರಿಯಾಗಿ ಇಪ್ಪತ್ತು ವರ್ಷಗಳ ಬಳಿಕ, 2021ರ ಅದೇ ಜನವರಿ 6ರಂದು, ಸೋಲನ್ನೊಪ್ಪದ ಗುಂಪು ಅದೇ ಭವನಕ್ಕೆ ನುಗ್ಗಿತು. ಸಂವಿಧಾನ ಅದೇ, ಎಣಿಕೆಯ ವಿಧಾನವೂ ಅದೇ. ಬದಲಾದದ್ದು ಸೋತವರ ನಡತೆ. ಯಾವ ದೇಶದ ಪದ್ಧತಿಯೇ ಆಗಲಿ, ಸೋತವರು "ಸೋತೆ" ಎನ್ನುವವರೆಗೆ ಮಾತ್ರ ಬಾಳುತ್ತದೆ. ಪದ್ಧತಿಯೇ ಸರಿಯಿಲ್ಲವೆನಿಸಿದರೆ ನ್ಯೂಜಿಲೆಂಡಿನವರಂತೆ ಮತ ಹಾಕಿಯೇ ಅದನ್ನು ಬದಲಾಯಿಸಬೇಕು.

ಆ ಮಾತು ಮೇಷ್ಟರಿಗೂ ಅನ್ವಯಿಸುತ್ತದೆ. ಮಗಳೇ, ಅಂದು ನಿನ್ನ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ತಪ್ಪಾಗಿತ್ತು. ತರಗತಿಯ ಎದುರು ನಿನ್ನನ್ನು ಕೂರಿಸಿದ್ದೆ. ಆದ್ದರಿಂದ ತರಗತಿಯವರೆಲ್ಲ ಓದುವ ಕಡೆಯಲ್ಲೇ ಇದನ್ನು ಬರೆದಿದ್ದೇನೆ.

ನಿಮ್ಮ ಮೇಷ್ಟರು